ಕುರಿಗೆ ಕತ್ತರಿ ಹಾಕುವ ದಿನ



"ಉಣ್ಣೆ ಕೇಳೋರೇ ಇಲ್ಲ ಸ್ವಾಮಿ, ಕೂಲಿ ಕೊಟ್ಟು ಕತ್ತರಿ ಯಾಕೆ ಹಾಕಿಸ್ಬೇಕು?" ಕುರಿ ಸಾಕುವವರು ಈಗ ಆಡುವ ಮಾತು ಇದು. ಮಾತಿನಲ್ಲಿ ಸುಳ್ಳಿಲ್ಲ. ಡೆಕ್ಕನಿ ಜಾತಿಯ ಕರಿ ಕುರಿ ವರ್ಷಕ್ಕೆ ಕೊಡುವ ಉಣ್ಣೆ ಸುಮಾರು ಅರ್ಧ ಕಿಲೋ. ಇಪ್ಪತ್ತು ಕುರಿ ಇದ್ದವರಿಗೆ ಹತ್ತು ಕಿಲೋ ಆಯಿತು. ಅದೂ ಒರಟು ಉಣ್ಣೆ. ಕಂಬಳಿಗೆ ಒದಗೀತೇ ಹೊರತು ನಯವಾದ ಬಟ್ಟೆಗೆ ಬಾರದು. ಗಿರಣಿಯ ರಗ್ಗು ಬಂದ ಮೇಲೆ ಕಂಬಳಿ ಹೊದೆಯುವವರೂ ಕಡಿಮೆಯಾದರು. ಹಾಗೆಂದು ಕತ್ತರಿಯನ್ನು ಗೂಟಕ್ಕೆ ತಗುಲಿಹಾಕಬೇಡಿ. ಕತ್ತರಿ ಹಾಕುವುದು ಉಣ್ಣೆಯ ಕಾಸಿಗೆ ಮಾತ್ರ ಅಲ್ಲ, ಕುರಿಯ ಮೈಗೆ.

ಮಹದೇವಪುರ, ಹೂಡಿ, ವರ್ತೂರು ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. 2007ರಲ್ಲಿ ಮಹದೇವಪುರ ಬೃಹತ್ ಬೆಂಗಳೂರಿಗೆ ಸೇರಿತು. ಗೋಮಾಳ, ಕೆರೆಯಂಗಳ ಎಲ್ಲ ಕಿರಿದಾದವು. ಮಂದೆಯೂ ಕಿರಿದಾಯಿತು. ಹತ್ತೋ ಇಪ್ಪತ್ತೋ ಕುರಿ ಇಟ್ಟುಕೊಂಡ ಮನೆಗೆ ಒಂದು ಕುರಿ ಸತ್ತರೂ ಅದು ದೊಡ್ಡ ನಷ್ಟವೇ.

ಉಣ್ಣೆ ಬೆಳೆದ ಮೈಯಲ್ಲಿ ಏನೇನು ಅಡಗಿರುತ್ತದೆ ನೋಡಿ. ಉಣ್ಣಿ, ಹೇನು, ಕಜ್ಜಿ ಎಲ್ಲಕ್ಕೂ ಅದೇ ಮನೆ. ಮಳೆಯಲ್ಲಿ ನೆನೆದ ಉಣ್ಣೆ ಬೇಗ ಒಣಗದು. ಬಾಲದ ಬುಡದಲ್ಲಿ ಹಿಕ್ಕೆ ಮೆತ್ತಿಕೊಂಡರೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಕೆಚ್ಚಲ ಸುತ್ತ ಉಣ್ಣೆ ಗಂಟು ಕಟ್ಟಿದರೆ ಎಳೆಮರಿಗೆ ಮೊಲೆ ಸಿಗದು.

ಕತ್ತರಿ ಹಾಕುವುದು ಯಾವಾಗ? ವರ್ಷಕ್ಕೆ ಎರಡು ಸಲ. ಶಿವರಾತ್ರಿ ಕಳೆದು ಚಳಿ ಹಿಂದಾದ ಮೇಲೆ ಒಮ್ಮೆ. ಮಳೆ ಹೊಳವಾಗಿ, ಚಳಿಗಾಲ ಇನ್ನೂ ದೂರ ಇರುವಾಗ ಇನ್ನೊಮ್ಮೆ. ಕುರಿ ಗಬ್ಬವಾಗಿ ಈಯಲು ಸುಮಾರು 5 ತಿಂಗಳು ಬೇಕು. ಕೊನೆಯ ತಿಂಗಳಲ್ಲಿರುವ ಗಬ್ಬದ ಕುರಿಯನ್ನು ಕೆಡವಬೇಡಿ. ಈದ ಮೇಲೆ ನೋಡಿಕೊಳ್ಳೋಣ.

ಎರಡು ದಿನ ಮುಂಚೆ ಕುರಿಯ ಮೈ ತೊಳೆಯಿರಿ. ಹಿಂದೆ ಕೆರೆಗೆ ಇಳಿಸುತ್ತಿದ್ದರು. ಈಗ ಅದು ಬೇಡ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ನೊರೆ ಎದ್ದು ರಸ್ತೆಗೆ ಹಾರಿದ್ದು ನಿಮಗೆಲ್ಲ ತಿಳಿದದ್ದೇ. ಚರಂಡಿ ಸೇರುವ ನೀರು ಮೈಗೂ ಆಗದು, ಕುಡಿಯಲೂ ಆಗದು. ಕೊಳವೆಬಾವಿಯ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಡಿ. ಒದ್ದೆ ಉಣ್ಣೆಗೆ ಕತ್ತರಿ ಹಾಕಬಾರದು. ಹಿಂದಿನ ರಾತ್ರಿ ಮೇವು ಹಾಕಬೇಡಿ. ತುಂಬಿದ ಹೊಟ್ಟೆಯ ಕುರಿಯನ್ನು ಮಲಗಿಸಿದರೆ ಉಸಿರು ಕಟ್ಟುತ್ತದೆ.

ಆ ದಿನ ಮನೆಮಂದಿಗೆಲ್ಲ ಕೆಲಸವಿದೆ. ಬೆಳಿಗ್ಗೆಯೇ ಮರದ ನೆರಳಿನಲ್ಲಿ ಟಾರ್ಪಾಲು ಹಾಸಿ. ಮಕ್ಕಳು ಮರಿಗಳನ್ನು ಮರಿಗೂಡಿಗೆ ಸೇರಿಸಲಿ. ಒಬ್ಬರು ಕುರಿ ಹಿಡಿಯಲಿ, ಕೈ ಪಳಗಿದವರು ಕತ್ತರಿ ಹಿಡಿಯಲಿ. ಹೆಂಗಸರು ಕರಿದು, ಬಿಳಿದು, ಕೊಳೆಯಾದದ್ದು ಎಂದು ಉಣ್ಣೆಯನ್ನು ಬೇರೆ ಬೇರೆ ಮಾಡಲಿ. ಕತ್ತರಿಸುವಾಗ ಎಡಗೈಯಿಂದ ಚರ್ಮ ಬಿಗಿಯಾಗಿ ಎಳೆದುಕೊಳ್ಳಿ. ಒಂದೇ ಪೆಟ್ಟಿಗೆ ಬುಡದಲ್ಲಿ ಕತ್ತರಿಸಿ. ಅದೇ ಜಾಗಕ್ಕೆ ಎರಡನೆಯ ಸಲ ಕತ್ತರಿ ಆಡಿಸಿದರೆ ಉಣ್ಣೆ ತುಂಡುತುಂಡಾಗಿ ನೂಲಿಗೆ ಬಾರದು. ಕೆಚ್ಚಲು, ಕಿವಿ, ಟಗರಿನ ಬೀಜದ ಹತ್ತಿರ ನಿಧಾನ. ಗಾಯವಾದರೆ ಕೂಡಲೇ ಅಯೋಡಿನ್ ಹಚ್ಚಿ.

ಈಗ ಮುಖ್ಯ ಮಾತು. ಪ್ರತಿ ಕುರಿಯೂ ನಿಮ್ಮ ಕೈಕೆಳಗೆ ಬರುವ ದಿನ ಇದೊಂದೇ. ಮೇಯಲು ಬಿಟ್ಟಾಗ ಕಾಣದ ರೋಗ ಈಗ ಕಾಣುತ್ತದೆ. ಕೆಳರೆಪ್ಪೆ ಎಳೆದು ನೋಡಿ: ಒಳಗೆ ಕೆಂಪಗಿದ್ದರೆ ಕ್ಷೇಮ, ಬಿಳಿಚಿಕೊಂಡಿದ್ದರೆ ಹೊಟ್ಟೆಯ ಹುಳು ರಕ್ತ ಹೀರುತ್ತಿರಬಹುದು. ಗದ್ದದ ಕೆಳಗೆ ನೀರು ತುಂಬಿ ಊದಿದ್ದರೂ ಹುಳುವಿನ ಗುಮಾನಿ ಪಡಿ. ಕೆರೆಯಂಚಿನ ಹುಲ್ಲು ಮೇದ ಕುರಿಗೆ ಈಲಿಯಲ್ಲಿ ಚಪ್ಪಟೆ ಹುಳು ಸೇರುವುದುಂಟು. ಇಂಥವುಗಳ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು ತೋರಿಸಿ, ಅವರು ಹೇಳಿದ ಅಳತೆಯಲ್ಲೇ ಔಷಧ ಕುಡಿಸಿ. ಬೆನ್ನೆಲುಬು ಮುಟ್ಟಿ ನೋಡಿ, ಗೊರಸು ನೋಡಿ, ಕೆಚ್ಚಲಲ್ಲಿ ಗಂಟಿದೆಯೇ ನೋಡಿ. ಹಲ್ಲು ಸವೆದ ಮುದಿ ಕುರಿಯನ್ನು ಬೇಸಗೆ ಬರುವ ಮುಂಚೆಯೇ ಮಾರಿಬಿಡುವುದು ಮೇಲು.

ಉಣ್ಣಿ ಔಷಧದ ಸ್ನಾನ ಅಂದೇ ಮಾಡಿಸಬೇಡಿ. ಗಾಯ ಮಾಯಲಿ; ಹತ್ತು ಹದಿನೈದು ದಿನ ಬಿಟ್ಟು, ಬಿಸಿಲಿರುವ ಬೆಳಿಗ್ಗೆ, ಹೊಟ್ಟೆತುಂಬ ನೀರು ಕುಡಿಸಿ ಆಮೇಲೆ ಅದ್ದಿ. ಮುಂಗಾರಿಗೆ ಮೊದಲು ಕರುಳುಬೇನೆಗೆ ಚುಚ್ಚುಮದ್ದು ಹಾಕಿಸಿ. ಪಿ.ಪಿ.ಆರ್. ಲಸಿಕೆಯನ್ನೂ ಮರೆಯಬೇಡಿ. ಇಂಥ ಲಸಿಕೆ ತಯಾರಿಸುವ ಸಂಸ್ಥೆ ದೂರದಲ್ಲಿಲ್ಲ. 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಹುಟ್ಟಿದ ಅದು ಇರುವುದು ಹೆಬ್ಬಾಳದಲ್ಲೇ.

ಮಿಕ್ಕ ದಿನಗಳ ಕೆಲಸವೂ ಸಣ್ಣದಲ್ಲ. ಬೆಳಿಗ್ಗೆ ರೊಪ್ಪ ಗುಡಿಸುವುದು, ಮರಿಗೆ ಹಾಲು ಕುಡಿಸುವುದು, ಇಬ್ಬನಿ ಆರಿದ ಮೇಲೆ ಮೇಯಲು ಬಿಡುವುದು, ಸಂಜೆ ಎಣಿಸಿ ಒಳಗೆ ಸೇರಿಸುವುದು. ಈಗ ಇನ್ನೊಂದು ಕೆಲಸ ಕೂಡಿಕೊಂಡಿದೆ: ಖಾಲಿ ಸೈಟುಗಳಲ್ಲಿ ಬಿದ್ದ ಪ್ಲಾಸ್ಟಿಕ್ ಕವರಿಗೆ ಕುರಿ ಬಾಯಿ ಹಾಕದಂತೆ ಕಾಯುವುದು. ಹೊಟ್ಟೆ ಸೇರಿದ ಪ್ಲಾಸ್ಟಿಕ್ ಕರಗುವುದಿಲ್ಲ. ಕುರಿ ಮೇವು ಬಿಟ್ಟು ಸೊರಗುತ್ತದೆ.

ಕತ್ತರಿಸಿದ ಉಣ್ಣೆಯನ್ನು ತಿಪ್ಪೆಗೆ ಎಸೆಯಬೇಡಿ, ಸುಡಲೂ ಬೇಡಿ. ಚೆನ್ನಾದುದನ್ನು ಗೋಣಿಯಲ್ಲಿ ಕಟ್ಟಿಡಿ. ಚಳ್ಳಕೆರೆ, ಮೇಡ್ಲೇರಿ ಕಡೆ ಕಂಬಳಿ ನೇಯುವವರಿದ್ದಾರೆ. ನಾಲ್ಕು ಮನೆಯವರು ಒಟ್ಟುಗೂಡಿಸಿದರೆ ಸಾಗಣೆಯ ಖರ್ಚು ಹಗುರಾಗುತ್ತದೆ. ಕೊಳೆಯಾದದ್ದನ್ನು ತೆಂಗಿನ ಪಾತಿಯಲ್ಲಿ ಹೂಳಿ. ಅದರಲ್ಲಿ ಸಾರಜನಕವಿದೆ, ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ, ಬುಡದ ತೇವವನ್ನೂ ಹಿಡಿದಿಡುತ್ತದೆ.

ಕತ್ತರಿಯ ಕೂಲಿಯನ್ನು ಉಣ್ಣೆಯ ಲೆಕ್ಕಕ್ಕೆ ಬರೆದರೆ ನಷ್ಟವೇ ಕಾಣುತ್ತದೆ. ಅದನ್ನು ಕುರಿಯ ಆರೈಕೆಯ ಲೆಕ್ಕಕ್ಕೆ ಬರೆಯಿರಿ. ರೋಗ ಮೊದಲೇ ಕಂಡು ಒಂದೇ ಒಂದು ಕುರಿ ಉಳಿದರೂ ಆ ವರ್ಷದ ಕೂಲಿ ಹುಟ್ಟಿದ ಹಾಗೆ.