ನೋವಿನ ಪ್ರಶ್ನೆಗೆ ನಾಡನುಡಿ: ಮಂಡಿನೋವಿನ ಪ್ರಶ್ನಾವಳಿಯ ಕನ್ನಡ ಅಳವಡಿಕೆ

ಮಂಡಿಚಿಪ್ಪನ್ನು ಅದರ ಕೆಳಗಿನ ಕಾಲೆಲುಬಿಗೆ ಬಿಗಿಯುವ ಸ್ನಾಯುರಜ್ಜು ಪದೇಪದೇ ಜಿಗಿಯುವುದರಿಂದ ಹಾನಿಗೊಳಗಾಗುತ್ತದೆ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ಹೆಚ್ಚಾಗಿ ಕಾಣುವ ಈ ತೊಂದರೆಯ ತೀವ್ರತೆಯನ್ನು ಅಳೆಯಲು ಆಸ್ಟ್ರೇಲಿಯಾದ ವಿಕ್ಟೋರಿಯಾ ಕ್ರೀಡಾ ಸಂಸ್ಥೆಯ ಹೆಸರಿನಲ್ಲಿ 1998ರಲ್ಲಿ ಪ್ರಕಟವಾದ ‘ವೀಸಾ-ಪಿ’ ಎಂಬ ಪ್ರಶ್ನಾವಳಿ ಬಳಕೆಯಲ್ಲಿದೆ. ಇದರಲ್ಲಿ 8 ಪ್ರಶ್ನೆಗಳಿದ್ದು, ಒಟ್ಟು ಅಂಕ 100. ಸ್ವೀಡಿಷ್, ಡಚ್ ಮೊದಲಾದ ಭಾಷೆಗಳ ಕ್ರೀಡಾಪಟುಗಳಿಗೆ ಇದನ್ನು ಅಳವಡಿಸಲಾಗಿದೆ.

ಇಂತಹ ಅಳವಡಿಕೆಗೆ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಮಾರ್ಗಸೂಚಿ ಆಧಾರವಾಗಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ. ಎರಡನ್ನೂ ಕೂಡಿಸಿ ಒಂದು ಪಾಠ ಸಿದ್ಧಗೊಳ್ಳುತ್ತದೆ. ಮೂಲವನ್ನು ನೋಡದ ಇಬ್ಬರು ಅದನ್ನು ಮರಳಿ ಮೂಲಭಾಷೆಗೆ ತರುತ್ತಾರೆ. ತಜ್ಞರ ಸಮಿತಿ ಪರಿಶೀಲಿಸಿದ ಬಳಿಕ 30ರಿಂದ 40 ಜನರ ಮೇಲೆ ಪ್ರಯೋಗ ನಡೆಯುತ್ತದೆ. ಪದದ ಸಮಾನತೆಗಿಂತ ಅನುಭವದ ಸಮಾನತೆ ಮುಖ್ಯವೆಂಬುದೇ ಈ ಕ್ರಮದ ತಿರುಳು. ಜಾನಪದ ಅಧ್ಯಯನಕ್ಕೆ ಇಲ್ಲಿ ಕೆಲಸವಿದೆ.

ಬೆಂಗಳೂರಿನ ಹೊರವಲಯವನ್ನು ಪರಿಗಣಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ವಾಲಿಬಾಲ್ ಆಡುವ ಕಾರ್ಮಿಕನೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದಿನವಿಡೀ ಕುಳಿತು ದುಡಿದು ವಾರಾಂತ್ಯದಲ್ಲಿ ಓಡುವ ತಂತ್ರಜ್ಞನೂ ಒಂದೇ ಪ್ರಶ್ನಾವಳಿಗೆ ಉತ್ತರಿಸಬೇಕಾಗುತ್ತದೆ. ಒಬ್ಬರು ‘ನೋವು’ ಎಂದರೆ ಉತ್ತರ ಕರ್ನಾಟಕದಿಂದ ಬಂದವರು ‘ಬ್ಯಾನಿ’ ಎನ್ನುತ್ತಾರೆ. ‘ಮಂಡಿ’ಗೆ ‘ಮೊಳಕಾಲು’ ಎಂಬ ಮಾತೂ ಇದೆ.

‘ಸ್ನಾಯುರಜ್ಜು’ ಪಠ್ಯಪುಸ್ತಕದ ಪದ. ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಪದ ನರವನ್ನೂ ರಕ್ತನಾಳವನ್ನೂ ಸ್ನಾಯುರಜ್ಜುವನ್ನೂ ಸೂಚಿಸುತ್ತದೆ. ‘ನರ ಸೆಳೆಯುತ್ತದೆ’ ಎಂದವನು ಕಾಲಿನ ಯಾವ ಭಾಗವನ್ನು ಹೇಳುತ್ತಿದ್ದಾನೆಂಬುದು ಮಾತಿನಿಂದ ತಿಳಿಯದು. ಆದ್ದರಿಂದ ಚಿತ್ರ ತೋರಿಸಿ, ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಕೇಳುವುದೇ ಸೂಕ್ತ.

ಪ್ರಶ್ನಾವಳಿಯ ಒಂದು ಅಂಶ ಒಂಟಿಗಾಲಿನಲ್ಲಿ 10 ಸಲ ಜಿಗಿದಾಗಿನ ನೋವಿಗೆ ಸಂಬಂಧಿಸಿದ್ದು. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಈ ಚಲನೆ ಚಿರಪರಿಚಿತ. ‘ಕುಂಟುವುದು’ ಎಂಬ ಪದ ಸಹಜವಾಗಿ ಒದಗುತ್ತದೆ. ಆದರೆ ಅದೇ ಪದಕ್ಕೆ ನೋವಿನಿಂದ ಕಾಲೆಳೆದು ನಡೆಯುವುದೆಂಬ ಅರ್ಥವೂ ಇದೆ. ಮಂಡಿನೋವಿರುವವನನ್ನು ‘ಕುಂಟಿದಾಗ ನೋಯುತ್ತದೆಯೇ?’ ಎಂದರೆ ಆತ ಎರಡನೆಯ ಅರ್ಥವನ್ನೇ ಹಿಡಿಯಬಹುದು. ‘ಒಂಟಿಗಾಲಿನಲ್ಲಿ ಕುಪ್ಪಳಿಸಿದಾಗ’ ಎಂದರೆ ಗೊಂದಲವಿಲ್ಲ. ಹಾಗೆಯೇ ‘ಕುಕ್ಕುರುಗಾಲಿನಲ್ಲಿ ಕೂರುವುದು’ ಒಂದು ಭಂಗಿ, ಗರಡಿಮನೆಯ ‘ಬಸ್ಕಿ’ ಒಂದು ಆವರ್ತನೆ. ಇಂಗ್ಲಿಷಿನ ‘ಸ್ಕ್ವಾಟ್’ ಎರಡಕ್ಕೂ ಸಲ್ಲುತ್ತದೆ. ಯಾವುದನ್ನು ಕೇಳಲಾಗಿದೆ ಎಂಬುದನ್ನು ಪ್ರಶ್ನೆಯೇ ಹೇಳಬೇಕು.

ಅಂಕದ ದಿಕ್ಕೂ ಗಮನಾರ್ಹ. ಇಲ್ಲಿ 10 ಎಂದರೆ ನೋವಿಲ್ಲ, 0 ಎಂದರೆ ತೀವ್ರ ನೋವು. ಹೆಚ್ಚು ಅಂಕವೆಂದರೆ ಹೆಚ್ಚು ನೋವು ಎಂದು ಭಾವಿಸಿದವನ ಉತ್ತರ ಪೂರ್ತಿ ತಲೆಕೆಳಗಾಗುತ್ತದೆ. ಕೊನೆಯ ಪ್ರಶ್ನೆ ಅಭ್ಯಾಸದ ಅವಧಿಗೆ ಸಂಬಂಧಿಸಿದ್ದು: ನೋವಿಲ್ಲದೆ ಆಡುವವನಿಗೆ ಗರಿಷ್ಠ 30, ನೋವಿದ್ದರೂ ಮುಂದುವರಿಸುವವನಿಗೆ 20, ನೋವಿನಿಂದ ನಿಲ್ಲಿಸುವವನಿಗೆ 10 ಅಂಕ. ಆದರೆ ಕೈಗಾರಿಕಾ ವಲಯದಲ್ಲಿ ‘ಟ್ರೈನಿಂಗ್’ ಎಂದರೆ ಮೊದಲು ನೆನಪಾಗುವುದು ಕೆಲಸದ ತರಬೇತಿ. ‘ಆಟದ ಅಭ್ಯಾಸ’ ಎಂದು ಬಿಡಿಸಿ ಕೇಳದಿದ್ದರೆ ಒಂದು ಪದದಿಂದಲೇ ಈ ಅಂಕಗಳು ಏರುಪೇರಾಗುತ್ತವೆ.

ಈ ಅಂಕವನ್ನು ನೋಡಿಯೇ ಚಿಕಿತ್ಸಕರು ವ್ಯಾಯಾಮ, ವಿಶ್ರಾಂತಿ, ಆಟಕ್ಕೆ ಮರಳುವ ಕಾಲಗಳನ್ನು ತೀರ್ಮಾನಿಸಬಹುದು. ಪಾಳಿಯಲ್ಲಿ ನಿಂತು ದುಡಿಯುವವನಿಗೆ ಮಂಡಿ ಆಟದ ಸಾಧನವಷ್ಟೇ ಅಲ್ಲ, ಅನ್ನದ ಆಧಾರವೂ ಹೌದು. ಆದುದರಿಂದ ತಜ್ಞರ ಸಮಿತಿಯಲ್ಲಿ ವೈದ್ಯರು ಮತ್ತು ಭಾಷಾಂತರಕಾರರ ಜೊತೆಗೆ ಜನರ ಆಡುಮಾತನ್ನು ಬಲ್ಲವರೂ ಇರುವುದು ಅಗತ್ಯ. ನೋವನ್ನು ಅಳೆಯುವ ಮುನ್ನ ಅದನ್ನು ಹೇಳುವ ಮಾತನ್ನು ಅರಿಯಬೇಕಾಗುತ್ತದೆ.