ಎರಡು ನರಗಳ ಆಮೆ

ಕಳೆದ ವಾರ ನಮ್ಮ ಮನೆಯ ಪಡಸಾಲೆಯಲ್ಲಿ ಪುಟ್ಟ ಗಾಡಿಯೊಂದು ಮತ್ತೆ ಮತ್ತೆ ಮೂರ್ಛೆಹೋಗುತ್ತಿತ್ತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಅಂಗೈಯಗಲದ ಹಲಗೆಯ ಮೇಲೆ ಚಿಪ್ ಒಂದನ್ನು ಬೆಸೆದು, ಎರಡು ಮೋಟಾರುಗಳನ್ನು ಅದಕ್ಕೆ ಜೋಡಿಸಿದ್ದ. ಚಕ್ರ ಉರುಳಬೇಕೆನ್ನುವಷ್ಟರಲ್ಲಿ ಚಿಪ್ ಎಲ್ಲವನ್ನೂ ಮರೆತು, ಮೊದಲಿನಿಂದ ಪಾಠ ಒಪ್ಪಿಸತೊಡಗುತ್ತಿತ್ತು. ನಿಂತ ಮೋಟಾರು ಹೊರಡುವಾಗ, ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆಯಂತೆ. ಆ ಕ್ಷಣ ಬ್ಯಾಟರಿಯ ಒತ್ತಡ ಕುಸಿಯುತ್ತದೆ. ಕಾಲಿನ ಹಸಿವು ತಲೆಯ ತುತ್ತನ್ನು ಕಸಿದುಕೊಂಡಿತೆನ್ನಬೇಕು.

ಈ ಪೇಚನ್ನು ಕಂಡಾಗ ನನಗೆ ನೆನಪಾದದ್ದು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎರಡು ಆಮೆಗಳು. ಮಿದುಳಿನ ವಿದ್ಯುತ್ತರಂಗಗಳನ್ನು ಅಭ್ಯಸಿಸುತ್ತಿದ್ದ ಗ್ರೇ ವಾಲ್ಟರ್ ಎಂಬ ವಿಜ್ಞಾನಿ 1948–49ರ ಸುಮಾರಿಗೆ ಅವುಗಳನ್ನು ನಿರ್ಮಿಸಿ, ಎಲ್ಮರ್, ಎಲ್ಸಿ ಎಂದು ಹೆಸರಿಟ್ಟ. ಆಗ ಚಿಪ್ ಇರಲಿಲ್ಲ. ಎರಡು ನಿರ್ವಾತ ವಾಲ್ವುಗಳು, ಎರಡು ರಿಲೇಗಳು, ಎರಡು ಮೋಟಾರುಗಳು, ಬೆಳಕನ್ನರಿಯುವ ಒಂದು ಕಣ್ಣು, ತಾಗಿದ್ದನ್ನರಿಯುವ ಒಂದು ಚಿಪ್ಪು: ಇಷ್ಟೇ ಅವುಗಳ ಸಂಸಾರ. ನರಕೋಶಗಳ ಸಂಖ್ಯೆಗಿಂತ ಅವುಗಳ ಪರಸ್ಪರ ಸಂಬಂಧವೇ ಬಾಳನ್ನು ಜಟಿಲಗೊಳಿಸುತ್ತದೆಯೆಂಬುದು ವಾಲ್ಟರನ ವಾದ. ನಮ್ಮ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳೆದುರು ಅವನು ಎರಡನ್ನು ನಿಲ್ಲಿಸಿ ನೋಡಿದ.

ಕತ್ತಲಲ್ಲಿ ಕಣ್ಣು ಸುತ್ತಲೂ ತಿರುಗಿ ಅರಸುತ್ತಿತ್ತು. ಹದವಾದ ಬೆಳಕು ಕಂಡರೆ ತಿರುಗುವ ಮೋಟಾರು ನಿಂತು, ಆಮೆ ಅತ್ತ ಸಾಗುತ್ತಿತ್ತು. ಬೆಳಕು ತೀರ ಪ್ರಖರವಾದರೆ ಹಿಮ್ಮೆಟ್ಟುತ್ತಿತ್ತು. ಬ್ಯಾಟರಿ ಬಡವಾದಂತೆ ಕಣ್ಣು ಮಂಕಾಗುತ್ತಿತ್ತು. ಆಗ ಗೂಡಿನ ಪ್ರಖರ ದೀಪವೇ ಹಿತವೆನಿಸಿ, ಒಳಹೊಕ್ಕು ವಿದ್ಯುತ್ತನ್ನುಣ್ಣುತ್ತಿತ್ತು. ಕನ್ನಡಿಯ ಮುಂದಂತೂ ಅದು ಕುಣಿಯುತ್ತಿತ್ತು! ತಿರುಗುವ ಮೋಟಾರು ನಡೆವಾಗ ಉರಿದು, ನಿಂತಾಗ ಆರುವ ದೀಪವೊಂದು ಅದರ ಮೂಗಿನ ಮೇಲಿತ್ತು. ತನ್ನ ದೀಪವನ್ನು ಕನ್ನಡಿಯಲ್ಲಿ ಕಂಡೊಡನೆ ಮೋಟಾರು ನಿಂತು ದೀಪ ಆರುವುದು. ಆರಿದೊಡನೆ ಮತ್ತೆ ಅರಸಾಟ, ಮತ್ತೆ ದೀಪ.

ಈಗ ಹೇಳಿ: ಆಮೆ ‘ಅರಸಿತು’, ‘ಹಿತವೆನಿಸಿತು’ ಎಂದೆನಲ್ಲ, ಆ ಕ್ರಿಯಾಪದಗಳಿಗೆ ಕರ್ತೃ ಯಾರು? ತರಗತಿಯಲ್ಲಿ ಕರ್ತೃಪದವನ್ನು ಗುರುತಿಸಿರೆಂದು ಇಪ್ಪತ್ತು ವರ್ಷ ಕೇಳಿದವನು ನಾನು. ವ್ಯಾಕರಣಕ್ಕೆ ಉತ್ತರ ಸುಲಭ, ಮನಸ್ಸಿಗೆ ಸುಲಭವಲ್ಲ. ಒಳಗಿನ ತಂತಿಗಳನ್ನು ಕಂಡಮೇಲೆ ‘ಬಯಕೆ’ ಎಂಬ ಮಾತು ನಾಲಗೆಯಲ್ಲಿ ತಡವರಿಸುತ್ತದೆ. ಕಾಣದಿದ್ದರೆ? ಎದುರಿಗಿರುವ ಮನುಷ್ಯನ ಬಯಕೆಯನ್ನೂ ನಾವು ಅವನ ನಡೆಯಿಂದಲೇ ಊಹಿಸುವವರಲ್ಲವೆ?

ಸೋದರಳಿಯನಿಗೆ ಇಂಥ ಸಂದೇಹಗಳಿಲ್ಲ. ಅವನು ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ಋಣತಂತಿಗಳನ್ನು ಒಂದೆಡೆ ಕೂಡಿಸಿ, ಚಿಪ್ಪಿನ ಕಾಲ ಬಳಿಯೇ ಪುಟ್ಟ ಕೆಪಾಸಿಟರ್ ಇರಿಸಿದ. ಗಾಡಿ ಹೊರಟಿತು, ಗೋಡೆಗೆ ತಾಗಿತು, ಕ್ಷಣ ನಿಂತು, ತಿರುಗಿತು.

“ನೋಡೋ, ಯೋಚಿಸುತ್ತಿದೆ!” ಎಂದಳು ನನ್ನ ತಾಯಿ. ತಿದ್ದಬೇಕೆಂದು ಬಾಯಿ ತೆರೆದವನು ಸುಮ್ಮನಾದೆ.