ನಿದ್ದೆಯಿಂದೆದ್ದ ಲ್ಯಾಪ್‌ಟಾಪು ತಡವರಿಸುವುದೇಕೆ?

ರಾತ್ರಿ ಮಡಿಚಿಟ್ಟ ಲ್ಯಾಪ್‌ಟಾಪನ್ನು ಮುಂಜಾನೆ ತೆರೆಯುತ್ತೇವೆ. ಪರದೆ ಬೆಳಗುತ್ತದೆ, ವೈಫೈ ಕೂಡಿಕೊಂಡಿತೆಂಬ ಗುರುತೂ ಮೂಡುತ್ತದೆ. ಆದರೆ ನಿನ್ನೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿದ್ದ ಪುಟವು ಇಂದು ಬರಲೊಲ್ಲದು. ಅದೇ ಕೋಣೆಯಲ್ಲಿ, ಅದೇ ರೂಟರಿಗೆ ಹೊಂದಿಕೊಂಡ ಮೊಬೈಲಿನಲ್ಲಾದರೋ ಎಲ್ಲವೂ ಸುಗಮ. ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನವಾಗಿದ್ದರಂತೂ ವಿದ್ಯಾರ್ಥಿಯ ಪಾಡು ಹೇಳತೀರದು. ಕೆಲವರು ರೂಟರನ್ನು ಬದಲಿಸುವರು; ಕೆಲವರು ಹೆಚ್ಚು ಹಣ ತೆತ್ತು ಹೆಚ್ಚು ವೇಗದ ಸಂಪರ್ಕ ಪಡೆಯುವರು. ಇವೆರಡರಿಂದಲೂ ಪ್ರಯೋಜನವಾಗದೆ ಹೋಗಬಹುದು. ಏಕೆಂದರೆ ಮೊಬೈಲು ಸುಗಮವಾಗಿ ನಡೆಯುತ್ತಿದೆಯೆಂಬ ಒಂದೇ ಸಂಗತಿಯು, ದೋಷವು ಬಹುಮಟ್ಟಿಗೆ ಹೊರಗಿನ ತಂತಿಯಲ್ಲಿಲ್ಲವೆಂದೂ ಲ್ಯಾಪ್‌ಟಾಪು ಮತ್ತು ರೂಟರುಗಳ ನಡುವಣ ಹತ್ತಿಪ್ಪತ್ತು ಅಡಿಗಳಲ್ಲಿ ಅಡಗಿದೆಯೆಂದೂ ಸೂಚಿಸುತ್ತದೆ.

ಆ ಹತ್ತಿಪ್ಪತ್ತು ಅಡಿಗಳಲ್ಲಿ ಸಂಚರಿಸುವುವು ವಿದ್ಯುತ್ಕಾಂತ ಅಲೆಗಳು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂಥ ಕಿರಿಯ ಅಲೆಗಳು ಗೋಡೆಯನ್ನು ಹಾದು ಹೋಗಬಲ್ಲವೆಂಬುದನ್ನು ಸಭಿಕರೆದುರು ತೋರಿಸಿದರು. ಇಂದಿನ ವೈಫೈ ಮುಖ್ಯವಾಗಿ ಎರಡು ಪಟ್ಟಿಗಳನ್ನು ಬಳಸುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಆವರ್ತಾಂಕದಿಂದ ಭಾಗಿಸಿದರೆ ಮೊದಲನೆಯದರ ಅಲೆಯುದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು, ಎರಡನೆಯದು ಸುಮಾರು ಆರು ಸೆಂಟಿಮೀಟರು ಎಂದು ತಿಳಿಯುವುದು. ಉದ್ದನೆಯ ಅಲೆಯು ಗೋಡೆಗಳನ್ನು ಹೆಚ್ಚು ಸುಲಭವಾಗಿ ದಾಟುತ್ತದೆ. ಆದರೆ ಆ ಪಟ್ಟಿಯು ಇಕ್ಕಟ್ಟಾದುದು, ಬ್ಲೂಟೂತ್ ಉಪಕರಣಗಳೂ ಅಡಿಗೆಯ ಮೈಕ್ರೋವೇವ್ ಒಲೆಯೂ ಅದರಲ್ಲಿಯೇ ಗದ್ದಲ ಮಾಡುವುವು. ಕಿರಿಯ ಅಲೆಯ ಪಟ್ಟಿ ವಿಶಾಲವಾದುದು, ವೇಗವೂ ಹೆಚ್ಚು. ಆದರೆ ಗೋಡೆಯೊಂದು ಅಡ್ಡ ಬಂದರೆ ಬೇಗನೆ ಸೊರಗುತ್ತದೆ.

ಮುದಗಲ್ಲಿನಂಥ ಊರಿನಲ್ಲಿ ಈ ಭೇದವು ಪುಸ್ತಕದ ಮಾತಲ್ಲ. ಕಂದಕವೂ ಎರಡು ಸುತ್ತಿನ ಗೋಡೆಯೂ ಉಳ್ಳ ನಮ್ಮ ಕೋಟೆಯನ್ನು ಕಂಡವರಿಗೆ ಇಲ್ಲಿನ ಕಲ್ಲಿನ ಸಮೃದ್ಧಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಲ್ಲು ಮಣ್ಣಿನಿಂದ ಕಟ್ಟಿದ ಹಳೆಯ ಮಾಳಿಗೆ ಮನೆಗಳ ಗೋಡೆಗಳು ಮೊಳಕ್ಕೂ ಮೀರಿದ ದಪ್ಪವುಳ್ಳವು. ಬೇಸಿಗೆಯ ಬಿಸಿಲನ್ನು ತಡೆಯುವ ಆ ಗೋಡೆಯೇ ವೈಫೈ ಅಲೆಗಳನ್ನೂ ತಡೆಯುತ್ತದೆ. ಪಡಸಾಲೆಯಲ್ಲಿ ರೂಟರಿನ ಪಕ್ಕದಲ್ಲಿ ಮಡಿಚಿದ ಲ್ಯಾಪ್‌ಟಾಪನ್ನು ಒಳಕೋಣೆಯಲ್ಲಿ ತೆರೆದರೆ, ಯಂತ್ರದ ಪಾಲಿಗೆ ಅದು ನಿದ್ದೆಯಲ್ಲಿಯೇ ಬೇರೊಂದು ಊರಿಗೆ ಸಾಗಿಸಲ್ಪಟ್ಟಂತೆ. ಎಷ್ಟೋ ಸಲ ದೋಷವೆಂದರೆ ಇಷ್ಟೇ. ಆದುದರಿಂದ ಮಿಕ್ಕ ಪರೀಕ್ಷೆಗಳಿಗೆ ಮುನ್ನ ಯಂತ್ರವನ್ನು ಹಿಂದಿನ ರಾತ್ರಿ ಇದ್ದ ಜಾಗದಲ್ಲಿಯೇ ಇರಿಸಿ ನೋಡುವುದು ಯುಕ್ತ.

ಜಾಗವು ಬದಲಾಗದಿದ್ದರೂ ತಡವರಿಕೆ ಉಂಟಾದರೆ, ನಿದ್ದೆಯೆಂಬುದು ಏನೆಂದು ವಿಚಾರಿಸಬೇಕು. ಲ್ಯಾಪ್‌ಟಾಪಿನ ಸ್ಮೃತಿಯು ಕೋಟ್ಯಂತರ ಸೂಕ್ಷ್ಮ ಧಾರಕಗಳ ಸಮೂಹ. ಒಂದೊಂದರಲ್ಲಿಯೂ ನಿಂತಿರುವ ವಿದ್ಯುದಂಶವು ತೂತುಗಡಿಗೆಯ ನೀರಿನಂತೆ ಸೋರಿಹೋಗುತ್ತಿರುತ್ತದೆ. ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿನೊಳಗೆ ಅದನ್ನು ಮತ್ತೆ ತುಂಬಬೇಕು. ಯಂತ್ರವು ಮಲಗಿದಾಗ ಈ ತುಂಬುವ ಕೆಲಸವೊಂದನ್ನು ಉಳಿಸಿಕೊಂಡು, ಪರದೆ, ಸಂಸ್ಕಾರಕ, ವೈಫೈ ಕಾರ್ಡು ಮೊದಲಾದವುಗಳ ವಿದ್ಯುತ್ತನ್ನು ಪೂರ್ಣವಾಗಿಯೋ ಬಹುಪಾಲೋ ಕಡಿದುಹಾಕುತ್ತದೆ. ಇತ್ತೀಚಿನ ಕೆಲವು ಯಂತ್ರಗಳು ಇನ್ನೂ ಹಗುರವಾದ ಕೋಳಿನಿದ್ದೆ ಮಾಡುವುವು. ಎಚ್ಚರವಾದಾಗ ಸ್ಮೃತಿಯಲ್ಲಿದ್ದುದು ಇದ್ದಂತೆಯೇ ದೊರೆಯುತ್ತದೆ. ಆದರೆ ವೈಫೈ ಕಾರ್ಡು ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕು. ನೆನಪು ನಿನ್ನೆಯದು, ಲೋಕ ಇಂದಿನದು; ತೊಡಕಿನ ಮೂಲ ಇಲ್ಲಿದೆ.

ಪ್ರತಿಯೊಂದು ರೂಟರೂ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಸುಮಾರು ಹತ್ತು ಸಲ, ತನ್ನ ಹೆಸರನ್ನು ಸಾರುತ್ತಿರುತ್ತದೆ. ಎಚ್ಚತ್ತ ಕಾರ್ಡು ಒಂದೊಂದೇ ಮಾರ್ಗಕ್ಕೆ ಕಿವಿಗೊಟ್ಟು ಪರಿಚಿತ ಹೆಸರನ್ನು ಹುಡುಕುವುದು. ಸಿಕ್ಕೊಡನೆ ಗುರುತು ಹೇಳಿ, ರಹಸ್ಯ ಸಂಕೇತಗಳನ್ನು ವಿನಿಮಯ ಮಾಡಿಕೊಂಡು, ವಿಳಾಸವೊಂದನ್ನು ಪಡೆಯುವುದು. ಇದೆಲ್ಲಕ್ಕೂ ಕೆಲವೇ ಸೆಕೆಂಡುಗಳು ಸಾಕು. ರಾತ್ರಿ ವಿದ್ಯುತ್ತು ಹೋಗಿ ಬಂದಿದ್ದರೆ—ನಮ್ಮ ಕಡೆ ಇದು ಅಪರೂಪವಲ್ಲ—ರೂಟರು ಬೇರೊಂದು ಮಾರ್ಗವನ್ನು ಹಿಡಿದಿರಬಹುದು. ಆಗ ಹುಡುಕಾಟ ಕೊಂಚ ದೀರ್ಘವಾಗುವುದು. ಇದು ಸಹಜವಾದ ವಿಳಂಬ, ಇದಕ್ಕೆ ಚಿಕಿತ್ಸೆ ಬೇಡ. ಒಂದು ನಿಮಿಷ ಕಳೆದ ಮೇಲೂ ಮಂದಗತಿ ಮುಂದುವರಿದರೆ ಮಾತ್ರ ಕಾರಣವನ್ನು ಅರಸಬೇಕು.

ಮೊದಲನೆಯ ಶಂಕೆ ಪಟ್ಟಿಯ ಮೇಲೆ. ಆತುರದಲ್ಲಿ ಎದ್ದ ಕಾರ್ಡು 5 ಗಿಗಾಹರ್ಟ್ಸಿನ ಬದಲು 2.4ಕ್ಕೆ ಅಂಟಿಕೊಂಡು, ಅನಂತರ ಕದಲದೆ ಕುಳಿತಿರಬಹುದು. ರೂಟರಿನ ಎರಡು ಪಟ್ಟಿಗಳಿಗೂ ಒಂದೇ ಹೆಸರಿದ್ದರೆ ಇದು ನಮ್ಮ ಕಣ್ಣಿಗೆ ಬೀಳದು. ಸಂಪರ್ಕದ ವಿವರಗಳ ಪುಟದಲ್ಲಿ ಪಟ್ಟಿಯ ಹೆಸರೂ ಕೂಡಿಕೆಯ ವೇಗವೂ ನಮೂದಾಗಿರುವುವು. ಮಲಗಿಸುವ ಮುನ್ನ ಮತ್ತು ಎದ್ದ ಮೇಲೆ ಅವನ್ನು ಬರೆದಿಟ್ಟುಕೊಂಡು ಹೋಲಿಸಿದರೆ ಸಂಗತಿ ಬಯಲಾಗುವುದು. ವೈಫೈಯನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದೊಡನೆ ಎಲ್ಲವೂ ಸರಿಹೋದರೆ ಈ ಶಂಕೆ ಬಲವಾಗುವುದು, ಆದರೆ ಸಿದ್ಧವಾದಂತಾಗದು. ಕಾರ್ಡಿನ ಡ್ರೈವರು ಕೆಟ್ಟಿದ್ದರೂ ಆ ಕ್ರಮದಿಂದಲೇ ಸರಿಹೋಗುತ್ತದಷ್ಟೆ. ಪಟ್ಟಿಗಳಿಗೆ ಬೇರೆ ಬೇರೆ ಹೆಸರಿಟ್ಟು ಪರೀಕ್ಷಿಸಿದರೆ ಎರಡನ್ನೂ ಬೇರ್ಪಡಿಸಬಹುದು.

ಎರಡನೆಯದು ಮಿತವ್ಯಯದ ದೋಷ. ಬ್ಯಾಟರಿಯನ್ನು ಉಳಿಸಲೆಂದು ಕಾರ್ಡು ಎಚ್ಚರವಿರುವಾಗಲೂ ಕಿರುನಿದ್ದೆ ಮಾಡುತ್ತಿರುತ್ತದೆ. ಅದಕ್ಕೆಂದು ಬಂದ ಮಾಹಿತಿಯನ್ನು ರೂಟರು ತನ್ನಲ್ಲಿಯೇ ಇರಿಸಿಕೊಂಡು, ಮುಂದಿನ ಸಾರುವಿಕೆಯಲ್ಲಿ ‘ನಿನಗೊಂದು ಟಪಾಲು ಇದೆ’ ಎಂದು ತಿಳಿಸುವುದು. ಒಂದು ಪುಟವನ್ನು ತೆರೆಯಲು ಹತ್ತಾರು ಪ್ರಶ್ನೋತ್ತರಗಳು ಬೇಕು; ಒಂದೊಂದಕ್ಕೂ ನೂರು ಮಿಲಿಸೆಕೆಂಡು ಕಾಯಬೇಕಾದರೆ ಸೆಕೆಂಡುಗಳೇ ಕಳೆದುಹೋಗುವುವು. ತಂತಿಯ ವಿದ್ಯುತ್ತಿಗೆ ಜೋಡಿಸಿದಾಗ ಚುರುಕಾಗಿಯೂ ಬ್ಯಾಟರಿಯ ಮೇಲೆ ಮಂದವಾಗಿಯೂ ನಡೆಯುವ ಯಂತ್ರದಲ್ಲಿ ಈ ಕಾರಣವನ್ನು ಮೊದಲು ನೋಡತಕ್ಕದ್ದು. ವಿಂಡೋಸ್ ಯಂತ್ರಗಳ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಕಾರ್ಡನ್ನು ಆರಿಸಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಶಕ್ತಿಯ ಉಳಿತಾಯಕ್ಕಾಗಿ ಈ ಉಪಕರಣವನ್ನು ಆರಿಸಬಹುದೆಂಬ ಅನುಮತಿಯನ್ನು ತೆಗೆದುಹಾಕಬಹುದು. ಕೆಲವು ಹೊಸ ಯಂತ್ರಗಳಲ್ಲಿ ಈ ಪುಟವೇ ಕಾಣದು. ಅಲ್ಲಿ ಕಾರ್ಡು ತಯಾರಿಸಿದವರ ಹೊಸ ಡ್ರೈವರನ್ನು ಸ್ಥಾಪಿಸುವುದೇ ದಾರಿ.

ಮೂರನೆಯದು ನಿಜವಾಗಿ ದೋಷವೇ ಅಲ್ಲ. ರಾತ್ರಿಯೆಲ್ಲ ಉಪವಾಸವಿದ್ದ ಯಂತ್ರವು ಎದ್ದೊಡನೆ ನವೀಕರಣಗಳನ್ನು ತರಿಸಿಕೊಳ್ಳುತ್ತದೆ, ಟಪಾಲು ನೋಡುತ್ತದೆ, ಛಾಯಾಚಿತ್ರಗಳನ್ನು ದೂರದ ಸಂಗ್ರಹಕ್ಕೆ ಕಳುಹಿಸುತ್ತದೆ. ಕೊಳವೆ ಸರಿಯಾಗಿಯೇ ಇದೆ. ನೀರನ್ನು ಬೇರೆಯವರು ಹಿಡಿಯುತ್ತಿರುವರು. ಟಾಸ್ಕ್ ಮ್ಯಾನೇಜರನ್ನು ತೆರೆದರೆ ಹಿಡಿಯುತ್ತಿರುವವರು ಯಾರೆಂದು ತಿಳಿಯುವುದು.

ಇವುಗಳನ್ನು ಬೇರ್ಪಡಿಸಲು ‘ಪಿಂಗ್’ ಎಂಬ ಸರಳ ಸಾಧನವಿದೆ. ಅಮೆರಿಕದ ಮೈಕ್ ಮುಸ್ ಎಂಬುವರು 1983ರಲ್ಲಿ ಇದನ್ನು ರಚಿಸಿದರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರಿನ ಸದ್ದೇ ಇದರ ಹೆಸರಾಯಿತು. ಬಾವಿಯಲ್ಲಿ ಕೂಗಿ ಮಾರ್ದನಿಗೆ ಕಾಯುವಂತೆ, ಇದು ಚಿಕ್ಕ ಸಂದೇಶವೊಂದನ್ನು ಕಳುಹಿಸಿ ಅದು ಮರಳುವ ಕಾಲವನ್ನು ಅಳೆಯುತ್ತದೆ. ಮೊದಲು ರೂಟರಿಗೆ, ಅನಂತರ ಹೊರಗಿನ ಯಾವುದಾದರೊಂದು ತಾಣಕ್ಕೆ ಪಿಂಗ್ ಮಾಡಬೇಕು. ರೂಟರಿನಿಂದ ಉತ್ತರವು ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದು, ಹೊರಗಿನದು ಮಾತ್ರ ತಡವಾದರೆ ಅಲೆಗಳು ನಿರ್ದೋಷಿಗಳು. ಹಿನ್ನೆಲೆಯ ಕೆಲಸಗಳನ್ನೋ ಹೊರಗಿನ ಸಂಪರ್ಕವನ್ನೋ ನೋಡಬೇಕು. ರೂಟರಿನ ಉತ್ತರವೇ ನೂರಾರು ಮಿಲಿಸೆಕೆಂಡು ಹಿಡಿದರೆ ತಪ್ಪು ಕೋಣೆಯೊಳಗಿದೆ.

ನಮ್ಮ ವಿದ್ಯಾರ್ಥಿಯೊಬ್ಬನು ಈ ಕ್ರಮವನ್ನು ಒಂದು ವಾರ ಅನುಸರಿಸಿದನು. ದಿನಕ್ಕೆರಡು ಸಲ ಯಂತ್ರವನ್ನು ಮಲಗಿಸಿ ಎಬ್ಬಿಸಿ, ಪಟ್ಟಿ, ಕೂಡಿಕೆಯ ವೇಗ, ರೂಟರಿನ ಪಿಂಗ್, ಬ್ಯಾಟರಿಯೋ ತಂತಿಯೋ ಎಂಬುದನ್ನು ಕೋಷ್ಟಕದಲ್ಲಿ ಬರೆದನು. ಪಟ್ಟಿ ಬದಲಾಗಿರಲಿಲ್ಲ. ಪಿಂಗ್ ಕಾಲ ಮಾತ್ರ ಬ್ಯಾಟರಿಯ ಮೇಲೆ ಎದ್ದಾಗಲೆಲ್ಲ ಏರುತ್ತಿತ್ತು. ಹೊಸ ರೂಟರಿಗೆಂದು ಮನೆಯಲ್ಲಿ ತೆಗೆದಿರಿಸಿದ್ದ ಹಣ ಉಳಿಯಿತು. ಅವನು ಮೆಚ್ಚಿಗೆಗೆ ಅರ್ಹನಾದುದು ಉತ್ತರವನ್ನು ಕಂಡುದಕ್ಕಿಂತ ಹೆಚ್ಚಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿದುದಕ್ಕೆ.

ಮತ್ತೊಂದು ಸಂಗತಿ ಹಲವರಿಗೆ ತಿಳಿಯದು. ವಿಂಡೋಸಿನಲ್ಲಿ 2012ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲ್ತಿಯಲ್ಲಿದ್ದರೆ ‘ಶಟ್ ಡೌನ್’ ಎಂದಾಗ ಯಂತ್ರದ ಅಂತರಂಗವು, ಡ್ರೈವರುಗಳೂ ಸೇರಿ, ತನ್ನ ಸ್ಥಿತಿಯನ್ನು ತಟ್ಟೆಗೆ ಬರೆದಿಟ್ಟು ಮಲಗುತ್ತದೆ. ಮರುದಿನ ಅದೇ ಸ್ಥಿತಿಯೇ, ಅದರ ರೋಗದೊಡನೆ, ಎದ್ದು ಬರುತ್ತದೆ. ‘ರೀಸ್ಟಾರ್ಟ್’ ಎಂದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುವುದು. ಆರಿಸಿ ಹಚ್ಚಿದರೂ ಹೋಗದ ತಡವರಿಕೆಯು ರೀಸ್ಟಾರ್ಟಿನಿಂದ ಹೋಗುವುದಾದರೆ ಡ್ರೈವರಿನ ಕಡೆ ಬೆರಳು ತೋರಿಸಬಹುದು.